ಮುಂದಿನ ಆಕ್ಸಲ್ ಸದ್ದು: ಗ್ಯಾರೇಜಿಗೆ ಹೋಗೋ ಮೊದಲು ನೀವೇ ಪತ್ತೆ ಮಾಡಿ

ಕುಣಿಗಲ್‌ನಿಂದ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ನಾನು ತರಕಾರಿ ಸಾಗಿಸೋದು ಫೋರ್ ವೀಲ್ ಡ್ರೈವ್ ಪಿಕಪ್‌ನಲ್ಲಿ. ಗುಬ್ಬಿ ಕಡೆಯ ತೆಂಗು, ಅಡಿಕೆ ಬೆಳೆಗಾರ ಗೆಳೆಯರ ಹತ್ರಾನೂ ಇಂಥದ್ದೇ ಗಾಡಿ ಇದೆ. ಮುಂದೆ ಸದ್ದು ಬಂದ ತಕ್ಷಣ ‘ಆಕ್ಸಲ್ ಹೋಯ್ತು’ ಅಂತ ಗಾಬರಿಯಾಗಬೇಡಿ. ಸದ್ದು ಯಾವಾಗ ಬರುತ್ತೆ ಅಂತ ಮೊದಲು ಗಮನಿಸಿ.

ತಿರುವಿನಲ್ಲಿ ‘ಕಟಕಟ’: ಸಿ.ವಿ. ಜಾಯಿಂಟ್ ನೋಡಿ. ಅದರ ರಬ್ಬರ್ ಬೂಟ್ ಹರಿದಿದ್ರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಸದ್ದು ಶುರುವಾಗೋ ಮೊದಲೇ ಬೂಟ್ ಬದಲಿಸಿದ್ರೆ ಜಾಯಿಂಟ್ ಖರ್ಚು ಉಳಿಯುತ್ತೆ.

ವೇಗದ ಜೊತೆ ಏರೋ ‘ಗುಂಯ್’: ವೀಲ್ ಬೇರಿಂಗ್ ಇರಬಹುದು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತೆ. ಆಗ ಸದ್ದು ಜಾಸ್ತಿಯಾದ್ರೆ ಬಲಗಡೆಯದನ್ನೇ ಅನುಮಾನಿಸಿ.

ಗುಂಡಿಯಲ್ಲಿ ‘ಧಡ್’: ಬಾಲ್ ಜಾಯಿಂಟ್ ಅಥವಾ ಬುಶ್ ಸವೆದಿರಬಹುದು.

ಫೋರ್ ವೀಲ್ ಹಾಕಿದಾಗ ಮಾತ್ರ ಸದ್ದು: ಮುಂದಿನ ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ನೋಡಿಸಿ. ಒಣ ಟಾರ್ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಗಾಡಿ ಜಗ್ಗಿದ್ರೆ ಮಾತ್ರ ಅದು ರೋಗವಲ್ಲ. ಟೂ ವೀಲ್‌ಗೆ ಬದಲಿಸಿ.

ಈಗ ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನದನ್ನ ಜಾಕ್ ಮೇಲೆ ಎತ್ತಿ. ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ. ಚಕ್ರವನ್ನ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದ್ರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ: ಅಲ್ಲಾಟ ನಿಂತ್ರೆ ಬೇರಿಂಗ್, ನಿಲ್ಲದಿದ್ರೆ ಬಾಲ್ ಜಾಯಿಂಟ್.

ಸಣ್ಣ ‘ಕಟಕಟ’ ಇದ್ರೆ ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ಚಕ್ರವೇ ಅಲ್ಲಾಡ್ತಿದ್ರೆ ಲೋಡ್ ಹಾಕಬೇಡಿ, ಮೆಕ್ಯಾನಿಕ್‌ನನ್ನೇ ತೋಟಕ್ಕೆ ಕರೆಸಿ. ಒಂದು ದಿನದ ಮಾರ್ಕೆಟ್ ತಪ್ಪಿದ್ರೂ ಪರವಾಗಿಲ್ಲ. ಹೆದ್ದಾರಿಯಲ್ಲಿ ಚಕ್ರ ಕಳಚಿದ್ರೆ ಜೀವಕ್ಕೇ ಸಂಚಕಾರ.