ನಿಧಾನದಲ್ಲಿ ಎಡವುವ ಇಂಜಿನ್

ಮದ್ದು ಹೊಡೆಯುವ ಪೆಟ್ರೋಲ್ ಇಂಜಿನ್ ಪೂರ್ತಿ ವೇಗದಲ್ಲಿ ಸರಿಯಾಗಿಯೇ ಓಡುತ್ತದೆ, ವೇಗ ತಗ್ಗಿಸಿದೊಡನೆ ಕೆಮ್ಮಿ, ಕುಲುಕಿ ನಿಂತುಬಿಡುತ್ತದೆ ಎಂಬ ದೂರನ್ನು ಸಂಘದ ಕಚೇರಿಯಲ್ಲಿ ಹಲವು ಸದಸ್ಯರಿಂದ ಕೇಳಿದ್ದೇನೆ. ಓಡುವಾಗ ಚೆನ್ನಾಗಿದ್ದರೆ ಸಾಕಲ್ಲ ಎಂದು ಹೇಳುವವರೂ ಇದ್ದಾರೆ. ಅಡಿಕೆ ತೋಟದಲ್ಲಿ ಅದು ಸಾಲದು. ಕೊನೆಗಾರ ಮರದ ಮೇಲಿರುತ್ತಾನೆ. ಒಂದು ಗೊನೆಗೆ ಹೊಡೆದು, ನಾಜಲ್ ಮುಚ್ಚಿ ಪಕ್ಕದ ಮರಕ್ಕೆ ದಾಟುವಷ್ಟು ಹೊತ್ತು ಕೆಳಗಿದ್ದವರು ಇಂಜಿನ್ನನ್ನು ನಿಧಾನಕ್ಕೆ ತರಬೇಕು. ಆಗ ಅದು ನಿಂತರೆ ಒತ್ತಡ ಇಳಿಯುತ್ತದೆ. ಹಗ್ಗ ಎಳೆದು ಮತ್ತೆ ಹೊರಡಿಸುವತನಕ ಆತ ಜಾರುವ ಮರವನ್ನು ತಬ್ಬಿ ಕಾಯಬೇಕು. ಆಷಾಢದಲ್ಲಿ ಮಳೆ ಎರಡು ಮೂರು ಗಂಟೆ ಬಿಡುವು ಕೊಡುವುದೇ ಹೆಚ್ಚು. ಕಲಸಿದ ಬೋರ್ಡೋ ದ್ರಾವಣ ನಾಳೆಗೆ ಬಾರದು. ಕೋಲ್ಮನ್ ಸಾಹೇಬರು ಮೈಸೂರು ಕೃಷಿ ಇಲಾಖೆಯಲ್ಲಿದ್ದು ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ನೂರು ವರ್ಷ ಕಳೆದರೂ ಮೈಲುತುತ್ತ ಮತ್ತು ಸುಣ್ಣವೇ ನಮ್ಮ ಆಧಾರ. ಅದನ್ನು ಗೊನೆಗೆ ಮುಟ್ಟಿಸುವ ಯಂತ್ರ ಕೈಕೊಟ್ಟರೆ ಮದ್ದಿದ್ದೂ ಕಾಯಿ ಉದುರುತ್ತದೆ.

ಕಳೆದ ವರ್ಷದ ಜುಲೈಯಲ್ಲಿ ನನಗೇ ಹೀಗಾಯಿತು. ಮೆಕ್ಯಾನಿಕ್ಕಿಗೆ ಹೇಳಿ ಕಳುಹಿಸಿದರೆ ನಾಲ್ಕು ದಿನ ಬಿಟ್ಟು ಬರುವುದಾಗಿ ಉತ್ತರ ಬಂತು. ನಾನು ವಿಜ್ಞಾನದ ಪದವೀಧರನೇನೋ ಹೌದು, ಆದರೆ ಅದುವರೆಗೆ ಸ್ಪಾನರ್ ಹಿಡಿದವನಲ್ಲ. ಮೊದಲು ಮಾಡಿದ ಕೆಲಸವೆಂದರೆ ಕಾರ್ಬ್ಯುರೇಟರಿನ ಪಕ್ಕದಲ್ಲಿ ಕಂಡ ಎರಡು ಸ್ಕ್ರೂಗಳನ್ನೂ ಮನಬಂದಂತೆ ತಿರುಗಿಸಿದ್ದು. ಹೊರಗೆ ಮಳೆ ಹೊಯ್ಯುತ್ತಿತ್ತೆಂದು ಪಂಪಿನ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸುತ್ತಾ ಕುಳಿತದ್ದು ಎರಡನೆಯ ತಪ್ಪು. ಕಾಲು ಗಂಟೆಯೊಳಗೆ ತಲೆ ಸಿಡಿಯತೊಡಗಿ, ಕಾಲು ಸೋತಂತಾಗಿ, ಮನೆಯವರು ಬಂದು ಬಾಗಿಲು ತೆರೆದು ಹೊರಗೆ ಎಳೆದರು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಲೇಜಿನಲ್ಲಿ ಓದಿ ಅಂಕ ಪಡೆದ ವಿಷಯ ಕೊಟ್ಟಿಗೆಯಲ್ಲಿ ನೆನಪಾಗಲಿಲ್ಲ. ಆದುದರಿಂದ ಬೇರೆಲ್ಲ ಮರೆತರೂ ಚಿಂತೆಯಿಲ್ಲ, ಇಂಜಿನ್ನನ್ನು ಬಯಲಿಗೆ ತಂದೇ ಪರೀಕ್ಷಿಸಿರಿ.

ನಿಧಾನ ಓಟದಲ್ಲೇ ದೋಷ ಏಕೆ ಕಾಣುತ್ತದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ವೇಗ ತಗ್ಗಿಸಿದಾಗ ಗಾಳಿಯ ದ್ವಾರ ಬಹುತೇಕ ಮುಚ್ಚಿರುತ್ತದೆ. ಪೆಟ್ರೋಲು ಬರುವುದು ಪೈಲಟ್ ಜೆಟ್ ಎಂಬ ಕೂದಲೆಳೆಯಂಥ ರಂಧ್ರದಿಂದ ಮಾತ್ರ. ಅದರಲ್ಲಿ ಒಂದು ಕಣ ಕಸ ಸಿಕ್ಕಿದರೂ, ಗ್ಯಾಸ್ಕೆಟ್ಟಿನ ಸಂದಿಯಿಂದ ಸ್ವಲ್ಪವೇ ಹೆಚ್ಚುವರಿ ಗಾಳಿ ನುಗ್ಗಿದರೂ ಲೆಕ್ಕ ತಪ್ಪುತ್ತದೆ. ಪೂರ್ತಿ ವೇಗದಲ್ಲಿ ದೊಡ್ಡ ಜೆಟ್ ಕೆಲಸ ಮಾಡುವುದರಿಂದ ಈ ಸಣ್ಣ ಕೊರತೆ ಮುಚ್ಚಿಹೋಗುತ್ತದೆ.

ನನ್ನ ಇಂಜಿನ್ನಿನ ಕಾರಣ ಕೊನೆಗೆ ಸಿಕ್ಕಿದ್ದು ಗಾಜಿನ ಬಾಟಲಿಯಲ್ಲಿ. ಟ್ಯಾಂಕಿನ ಪೆಟ್ರೋಲನ್ನು ಅದಕ್ಕೆ ಸುರಿದು, ಮುಚ್ಚಿ, ಬೆಂಕಿಯಿಂದ ದೂರ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶವೆಲ್ಲ ಆ ಪ್ರಮಾಣ ತಲುಪಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ನಮ್ಮ ಮಳೆಗಾಲದ ತೇವದಲ್ಲಿ ಸಡಿಲ ಮುಚ್ಚಳದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ, ನೀರಿನ ಅಂಶ ಒಂದು ಮಿತಿ ದಾಟಿದಾಗ ನೀರೂ ಎಥೆನಾಲೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕಿನ ನಳಿಗೆ ಇರುವುದೂ ತಳದಲ್ಲೇ. ನಾನು ಮೇ ತಿಂಗಳಲ್ಲಿ ತಂದು ಉಳಿಸಿದ್ದ ಪೆಟ್ರೋಲನ್ನು ಜುಲೈಯಲ್ಲಿ ಹಾಕಿದ್ದೆ. ಉಳಿತಾಯವೆಂದುಕೊಂಡದ್ದು ಹೀಗೆ ತಿರುಗಿತು.

ಡಿಸೆಂಬರಿನಲ್ಲಿ ಗಂಗಾವತಿ ತಾಲೂಕಿನ ಹನುಮನಹಳ್ಳಿಗೆ ಸಂಬಂಧಿಕರ ಮನೆಗೆ ಹೋಗಿದ್ದೆ. ಆನೆಗೊಂದಿಯ ಪಕ್ಕ, ಅಂಜನಾದ್ರಿ ಬೆಟ್ಟದ ಬುಡದ ಊರು. ನಮ್ಮ ಕೊಪ್ಪ, ತೀರ್ಥಹಳ್ಳಿಗಳ ಮಳೆಯ ನೀರೇ ಕೂಡ್ಲಿ ದಾಟಿ, ಹೊಸಪೇಟೆಯ ಅಣೆಕಟ್ಟು ದಾಟಿ ಅವರ ಬತ್ತ, ಬಾಳೆಗೆ ಬರುತ್ತದೆ. ಬಾಳೆಗೆ ಮದ್ದು ಹೊಡೆಯುವ ಅವರ ಇಂಜಿನ್ನಿಗೂ ಅದೇ ಕಾಯಿಲೆ. ಒಂದು ಇಂಜಿನ್ ರಿಪೇರಿ ಮಾಡಿದ ಅಹಂಕಾರದಿಂದ ನಾನು ನೋಡದೆಯೇ ‘ಪೆಟ್ರೋಲಿನಲ್ಲಿ ನೀರು’ ಎಂದು ತೀರ್ಪು ಕೊಟ್ಟೆ. ಬಾಟಲಿಯಲ್ಲಿ ಇಟ್ಟು ನೋಡಿದರೆ ಪೆಟ್ರೋಲು ತಿಳಿಯಾಗಿತ್ತು. ಹೊಗೆ ಮಾತ್ರ ಕಪ್ಪು. ಪ್ಲಗ್ಗನ್ನು ಬಿಚ್ಚಿದರೆ ದೀಪದ ಕಾಡಿಗೆಯಂತೆ ಮಸಿ. ಏರ್ ಫಿಲ್ಟರ್ ತೆಗೆದಾಗ ಗುಟ್ಟು ತಿಳಿಯಿತು. ಬತ್ತದ ಕೊಯ್ಲು ಮುಗಿದ ಕಾಲ. ಹುಲ್ಲಿನ ಧೂಳು, ಹೊಟ್ಟು ಸೇರಿ ಸ್ಪಂಜು ಹಲಗೆಯಂತಾಗಿತ್ತು. ಉಸಿರು ಕಟ್ಟಿದ ಇಂಜಿನ್ನಿಗೆ ಗಾಳಿ ಸಾಲದೆ ಪೆಟ್ರೋಲು ಮಿಕ್ಕುತ್ತಿತ್ತು. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎರಡು ತೊಟ್ಟು ಇಂಜಿನ್ ಎಣ್ಣೆ ಹಚ್ಚಿ ಹಿಂಡಿ ಹಾಕಿದೆವು. ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆವು. ಸಂಜೆಗೆ ಇಂಜಿನ್ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ನಮ್ಮಲ್ಲಿ ತೇವ, ಅವರಲ್ಲಿ ಧೂಳು. ಕಿವಿಗೆ ಕೇಳುವ ಸದ್ದು ಮಾತ್ರ ಒಂದೇ.

ಇವೆರಡನ್ನು ಬೇರ್ಪಡಿಸಲು ಸುಲಭದ ಉಪಾಯವೊಂದಿದೆ. ಬಿಸಿಯಾದ ಇಂಜಿನ್ ನಿಧಾನವಾಗಿ ಎಡವುತ್ತಿರುವಾಗ ಚೋಕನ್ನು ಮೆಲ್ಲನೆ ಅರ್ಧ ಮುಚ್ಚಿರಿ. ಓಟ ಸುಧಾರಿಸಿದರೆ ಪೆಟ್ರೋಲು ಕಡಿಮೆ ಅಥವಾ ಗಾಳಿ ಹೆಚ್ಚು, ಅಂದರೆ ಜೆಟ್ಟಿನಲ್ಲಿ ಕಸ ಅಥವಾ ಸಂದಿಯಲ್ಲಿ ಸೋರಿಕೆ. ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ಫಿಲ್ಟರನ್ನು ನೋಡಿರಿ. ಸೋರಿಕೆಯ ಅನುಮಾನವಿದ್ದಲ್ಲಿ ಕಾರ್ಬ್ಯುರೇಟರ್ ಇಂಜಿನ್ನಿಗೆ ಸೇರುವ ಜಾಗಕ್ಕೆ ಸೋಪಿನ ನೀರನ್ನು ತುಸು ಚಿಮುಕಿಸಿ, ಸದ್ದು ಬದಲಾದರೆ ಅಲ್ಲೇ ದೋಷ. ಪೆಟ್ರೋಲು ಚಿಮುಕಿಸಿ ನೋಡುವವರನ್ನು ಕಂಡಿದ್ದೇನೆ, ಅದು ಬೆಂಕಿಯೊಡನೆ ಆಟ. ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಸಮ. ಬಿಳಿಚಿದ್ದರೆ ಪೆಟ್ರೋಲಿನ ಕೊರತೆ. ತುದಿಗಳ ಅಂತರ ಬಹುಮಟ್ಟಿಗೆ ಈ ನಾಲ್ಕು ಸ್ಟ್ರೋಕಿನ ಸಣ್ಣ ಇಂಜಿನ್ನುಗಳಿಗೆ 0.7ರಿಂದ 0.8 ಮಿಲಿಮೀಟರ್. ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ನಂಬಿರಿ. ಮಳೆಗಾಲದ ಮುಸ್ಸಂಜೆಯಲ್ಲಿ ಪ್ಲಗ್ಗಿನ ತಂತಿಯ ಮೇಲೆ ನೀಲಿ ಕಿಡಿ ಹರಿದಾಡುವುದು ಕಂಡರೆ ತಂತಿಯೇ ಹಳತಾಗಿದೆ.

ಜೆಟ್ಟನ್ನು ಬಿಚ್ಚುವ ಧೈರ್ಯವಿದ್ದವರು ಮೊದಲು ಪೆಟ್ರೋಲಿನ ನಳವನ್ನು ಮುಚ್ಚಿ, ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಹೊರಗೆ ಬಿಡಬೇಕು. ಎಷ್ಟೋ ಸಲ ಇಷ್ಟರಿಂದಲೇ ರೋಗ ಹೋಗುತ್ತದೆ. ರಂಧ್ರಕ್ಕೆ ಹೊಲಿಗೆ ಸೂಜಿ ಹಾಕಬಾರದು. ನಾನು ಹಾಕಿದೆ, ರಂಧ್ರ ಹಿಗ್ಗಿ, ಹೊಸ ಜೆಟ್ ತರಬೇಕಾಯಿತು. ವಿದ್ಯುತ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು, ಮೇಲೆ ಊದಿ ಬೆಳಕಿಗೆ ಹಿಡಿದು ನೋಡಿರಿ. ಸ್ಕ್ರೂಗಳಿಗೆ ಕೈ ಹಾಕುವುದು ಇವೆಲ್ಲ ಆದ ಮೇಲೆ, ಅದೂ ಎಷ್ಟು ಸುತ್ತು ತಿರುಗಿಸಿದಿರೆಂದು ಬರೆದಿಟ್ಟುಕೊಂಡು.

ಕಾಫಿ ಬೆಳೆಗಾರರಿಗೆ ಒಂದು ಮಾತು. ಮಳೆಗಾಲದಲ್ಲಿ ಉಳಿದ ಪೆಟ್ರೋಲನ್ನೇ ನವೆಂಬರಿನಲ್ಲಿ ಪಲ್ಪರ್ ಇಂಜಿನ್ನಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ರಾಶಿಯಲ್ಲೇ ಹುಳಿಯುವುದು ಎಲ್ಲರಿಗೂ ತಿಳಿದದ್ದೇ. ಕೆಲಸ ಮುಗಿದ ದಿನವೇ ಟ್ಯಾಂಕು ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವತನಕ ಓಡಿಸಿ ಇಟ್ಟರೆ ಮುಂದಿನ ಹಂಗಾಮಿಗೆ ತೊಂದರೆಯಿಲ್ಲ. ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಕ್ರಮ.

ಪ್ಲಗ್ಗಿನ ಅಂತರ ಅಳೆಯುವ ಪಟ್ಟಿಯೊಂದನ್ನು ಸಂಘದ ಕಚೇರಿಯಲ್ಲಿ ತಂದಿರಿಸಿದ್ದೇನೆ. ಬೇಕಾದ ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಎರಡು ದಿನದೊಳಗೆ ಹಿಂದಿರುಗಿಸಬೇಕಾಗಿ ವಿನಂತಿ. ಹೋದ ವರ್ಷ ಹೀಗೆಯೇ ಒಯ್ದ ತಕ್ಕಡಿಯ ಬಟ್ಟು ಇನ್ನೂ ಬಂದಿಲ್ಲ.