ಪ್ರಕೃತಿಯೊಂದು, ಪದಗಳು ಹಲವು

'ಮರ' ಎಂಬ ಶಬ್ದವನ್ನು ಬಲ್ಲವನಿಗೆ 'ಮರವನ್ನು', 'ಮರದಿಂದ', 'ಮರಕ್ಕೆ', 'ಮರದಲ್ಲಿ' ಎಂಬ ರೂಪಗಳನ್ನು ಯಾರೂ ಬೇರೆ ಬೇರೆಯಾಗಿ ಕಲಿಸಬೇಕಾಗಿಲ್ಲ. ನಿಘಂಟುಕಾರನೂ ಮರವೆಂಬ ಒಂದೇ ನಾಮಪ್ರಕೃತಿಯನ್ನು ಬರೆದಿಟ್ಟು, ಉಳಿದುದನ್ನು ವ್ಯಾಕರಣದ ವಶಕ್ಕೆ ಬಿಟ್ಟು ನಿಶ್ಚಿಂತನಾಗಿರುತ್ತಾನೆ. 'ಮೊಬೈಲು' ಎಂಬ ಪರದೇಶದ ಶಬ್ದವು ನಮ್ಮ ಸಂತೆಪೇಟೆಗಳನ್ನು ಪ್ರವೇಶಿಸಿದೊಡನೆಯೇ 'ಮೊಬೈಲಿಗೆ', 'ಮೊಬೈಲಿನಲ್ಲಿ' ಎಂಬ ರೂಪಗಳೂ ಅದರ ಬೆನ್ನಹಿಂದೆಯೇ ಬಂದು ನಿಂತುವು. ಅವುಗಳನ್ನು ನಿರ್ಣಯಿಸಲು ಯಾವ ಪಂಡಿತಸಭೆಯೂ ಸೇರಲಿಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದಾಗ ಕನ್ನಡದ ಪದಗಳನ್ನೆಲ್ಲ ಎಣಿಸಿ ಪಟ್ಟಿಮಾಡಹೊರಡಲಿಲ್ಲ. ಪ್ರಕೃತಿಗೆ ಪ್ರತ್ಯಯವು ಸೇರಿ ಪದವಾಗುವ ಬಗೆಯನ್ನು ಸೂತ್ರಗಳಲ್ಲಿ ಹಿಡಿದಿಟ್ಟನು. ಪಟ್ಟಿಯು ಕಂಡುದನ್ನು ಮಾತ್ರ ಹೇಳಬಲ್ಲುದು; ಸೂತ್ರವಾದರೋ ಇನ್ನೂ ಹುಟ್ಟದ ಪದಕ್ಕೂ ದಾರಿಯನ್ನು ತೆರೆದಿಟ್ಟಿರುತ್ತದೆ.

ಗಣಕಯಂತ್ರಕ್ಕೆ ಪ್ರೋಗ್ರಾಮುಗಳನ್ನು ಬರೆಯತಕ್ಕವರ ಲೋಕದಲ್ಲಿಯೂ ಹೀಗೆಯೇ ಪಟ್ಟಿಯನ್ನು ಬಿಟ್ಟು ಸೂತ್ರವನ್ನು ಹಿಡಿದ ಕಥೆಯೊಂದುಂಟು. ಕೈಯಿಂದ ಒಂದೊಂದಾಗಿ ಬರೆಯಬೇಕಾಗಿದ್ದ ನೂರಾರು ಸಣ್ಣ ವಿಧಿಗಳನ್ನು ಪ್ರೋಗ್ರಾಮು ತಾನೇ, ತಾನು ನಡೆಯುತ್ತಿರುವ ವೇಳೆಯಲ್ಲಿಯೇ, ಸೃಷ್ಟಿಸಿಕೊಳ್ಳುವಂತೆ ಮಾಡಿದ ಕಥೆಯದು. ಅದರಲ್ಲಿ ಸೌಕರ್ಯವಿರುವಷ್ಟೇ ಎಚ್ಚರಿಕೆಯ ಪಾಠವೂ ಇರುವುದರಿಂದ, ಆ ವೃತ್ತಿಯ ಹೊರಗಿನ ಓದುಗರಿಗೂ ಅದು ರುಚಿಸೀತೆಂದು ಭಾವಿಸಿ ಇಲ್ಲಿ ನಿರೂಪಿಸುತ್ತೇನೆ.

ಮೊದಲು 'ಆಬ್ಜೆಕ್ಟ್' ಎಂದರೇನೆಂಬುದನ್ನು ಅರಿಯಬೇಕು. ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಎಂಬ ಇಬ್ಬರು ವಿದ್ವಾಂಸರು, ಸರದಿಯ ಸಾಲುಗಳೇ ಮೊದಲಾದ ಲೋಕವ್ಯಾಪಾರಗಳನ್ನು ಯಂತ್ರದೊಳಗೆ ಅನುಕರಿಸಿ ನೋಡುವ ಉದ್ದೇಶದಿಂದ ಓಸ್ಲೋ ನಗರದಲ್ಲಿ 1960ರ ದಶಕದಲ್ಲಿ ಸಿಮ್ಯುಲ ಎಂಬ ಭಾಷೆಯನ್ನು ರೂಪಿಸಿದರು. ಅದರ 1967ರ ಆವೃತ್ತಿಯಲ್ಲಿ 'ಕ್ಲಾಸ್' ಎಂಬ ಕಲ್ಪನೆಯು ಸ್ಪಷ್ಟವಾದ ಆಕಾರವನ್ನು ತಳೆಯಿತು. ಕ್ಲಾಸೆಂದರೆ ಅಚ್ಚು, ಆಬ್ಜೆಕ್ಟೆಂದರೆ ಆ ಅಚ್ಚಿನಿಂದ ಎರಕಹೊಯ್ದು ತೆಗೆದ ವ್ಯಕ್ತಿ. ಗ್ರಂಥಾಲಯವೊಂದರ ಲೆಕ್ಕವಿಡುವ ಪ್ರೋಗ್ರಾಮಿನಲ್ಲಿ 'ಪುಸ್ತಕ' ಎಂಬುದು ಕ್ಲಾಸಾದರೆ, ಕಪಾಟಿನಲ್ಲಿರುವ ಒಂದೊಂದು ಪ್ರತಿಗೂ ಒಂದೊಂದು ಆಬ್ಜೆಕ್ಟು ಇರುತ್ತದೆ. ಶೀರ್ಷಿಕೆ, ಕರ್ತೃ, ಬೆಲೆ ಇವು ಅದರ ಗುಣಗಳು, ಅಂದರೆ ಆಟ್ರಿಬ್ಯೂಟುಗಳು. ಎರವಲು ಕೊಡುವುದು, ಹಿಂದಕ್ಕೆ ಪಡೆಯುವುದು ಇವು ಅದರ ಕ್ರಿಯೆಗಳು, ಅಂದರೆ ಮೆಥಡ್ಡುಗಳು.

ಗುಣಗಳನ್ನು ಹೊರಗಿನವರು ನೇರವಾಗಿ ಕೈಹಾಕಿ ತೆಗೆಯಕೂಡದು, ಆಬ್ಜೆಕ್ಟನ್ನೇ ಕೇಳಿ ಪಡೆಯಬೇಕು ಎಂಬುದು ಈ ಪದ್ಧತಿಯ ಮರ್ಯಾದೆ. ಮನೆಯೊಡೆಯನನ್ನು ಬೆಲ್ಲ ಕೇಳಬಹುದು. ಅವನ ಉಗ್ರಾಣಕ್ಕೆ ತಾನೇ ನುಗ್ಗಬಾರದು. ಇಂದು ಬೆಲೆಯನ್ನು ರೂಪಾಯಿಗಳಲ್ಲಿ ಇಟ್ಟುಕೊಂಡ ಆಬ್ಜೆಕ್ಟು ನಾಳೆ ಪೈಸೆಗಳಲ್ಲಿ ಇಟ್ಟುಕೊಂಡರೂ, ಕೇಳಿದವರಿಗೆ ಮೊದಲಿನ ರೀತಿಯಲ್ಲಿಯೇ ಉತ್ತರವನ್ನು ಕೊಡುತ್ತಿದ್ದರೆ ಹೊರಗಿನ ಯಾವ ಭಾಗವೂ ಕೆಡುವುದಿಲ್ಲ. ಬದಲಾಗಬಹುದಾದುದನ್ನು ಒಳಗೆ ಮರೆಮಾಡಿಡುವ ಈ ತತ್ತ್ವವನ್ನು ಡೇವಿಡ್ ಪಾರ್ನಸ್ 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಶದವಾಗಿ ಪ್ರತಿಪಾದಿಸಿದರು.

ತತ್ತ್ವವೇನೋ ಘನವಾದುದು, ಆದರೆ ಅದನ್ನು ಆಚರಿಸುವವನ ಕೈ ಸೋಲುತ್ತದೆ. ಒಂದೊಂದು ಗುಣಕ್ಕೂ ಓದಿ ಹೇಳುವ ಮೆಥಡ್ಡೊಂದು, ಹೊಸ ಮೌಲ್ಯವನ್ನು ಬರೆದಿಡುವ ಮೆಥಡ್ಡೊಂದು, ಹೀಗೆ ಎರಡೆರಡು ಬೇಕು. ಪುಸ್ತಕಕ್ಕೆ ಇಪ್ಪತ್ತು ಗುಣಗಳಿದ್ದರೆ ಮೆಥಡ್ಡುಗಳು ನಲವತ್ತಾದುವು. ಒಂದೊಂದಕ್ಕೆ ಮೂರು ಸಾಲುಗಳಂತೆ ಬರೆದರೆ ನೂರ ಇಪ್ಪತ್ತು ಸಾಲುಗಳಾದುವು. ಹೆಸರೊಂದನ್ನು ಬಿಟ್ಟರೆ ಅವುಗಳಲ್ಲಿ ಒಂದಕ್ಕೂ ಮತ್ತೊಂದಕ್ಕೂ ಯಾವ ಭೇದವೂ ಇರುವುದಿಲ್ಲ. ಜಾವಾ ಭಾಷೆಯಲ್ಲಿ ದುಡಿದ ಒಂದು ತಲೆಮಾರಿನವರೆಲ್ಲ 'ಗೆಟರ್', 'ಸೆಟರ್' ಎಂದು ಕರೆಯುತ್ತ, ಗೊಣಗಿಕೊಳ್ಳುತ್ತ, ಮಗ್ಗಿ ಬರೆದಂತೆ ಬರೆದ ಸಾಲುಗಳಿವೇ.

ಜಪಾನಿನ ಯುಕಿಹಿರೊ ಮತ್ಸುಮೋಟೊ 1993ರಲ್ಲಿ ಆರಂಭಿಸಿ 1995ರಲ್ಲಿ ಲೋಕಕ್ಕೆ ಒಪ್ಪಿಸಿದ ರೂಬಿ ಭಾಷೆಯಲ್ಲಿ ಈ ನೂರ ಇಪ್ಪತ್ತು ಸಾಲುಗಳ ಸ್ಥಾನದಲ್ಲಿ ಒಂದೇ ಸಾಲು ಸಾಕು. 'ಅಟ್ರ್ ಆಕ್ಸೆಸರ್' ಎಂದು ಬರೆದು ಅದರ ಮುಂದೆ ಗುಣಗಳ ಹೆಸರುಗಳನ್ನಿಟ್ಟರೆ ಮುಗಿಯಿತು. ಪ್ರತಿಯೊಂದು ಹೆಸರಿಗೂ ಓದುವ ಮೆಥಡ್ಡೂ ಬರೆಯುವ ಮೆಥಡ್ಡೂ ಆ ಕ್ಷಣವೇ ಹುಟ್ಟುತ್ತವೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೇನೆಂದರೆ, 'ಅಟ್ರ್ ಆಕ್ಸೆಸರ್' ಎಂಬುದು ಭಾಷೆಯ ಕಾಯ್ದಿಟ್ಟ ಪದವಲ್ಲ. ಅದೂ ಒಂದು ಮೆಥಡ್ಡೇ. ಕ್ಲಾಸೆಂಬ ಅಚ್ಚನ್ನು ಕಡೆಯುತ್ತಿರುವಾಗಲೇ ಓಡಿ, ಆ ಅಚ್ಚಿಗೆ ಬೇರೆ ಮೆಥಡ್ಡುಗಳನ್ನು ಕೂಡಿಸುವುದೇ ಅದರ ಕೆಲಸ. ಆದಕಾರಣ ಭಾಷೆಯ ಕರ್ತೃವಿಗೆ ಸಾಧ್ಯವಾದುದು ಸಾಮಾನ್ಯ ಪ್ರೋಗ್ರಾಮರನಿಗೂ ಸಾಧ್ಯ: 'ಡಿಫೈನ್ ಮೆಥಡ್' ಎಂಬ ಸಾಧನವನ್ನು ಹಿಡಿದು, ಪ್ರತಿಯೊಂದು ಬದಲಾವಣೆಯನ್ನೂ ದಿನಚರಿಯಲ್ಲಿ ಗುರುತಿಸಿಡುವ ಅಥವಾ ಋಣಸಂಖ್ಯೆಯ ಬೆಲೆಯನ್ನು ನಿರಾಕರಿಸುವ ಸೂತ್ರಗಳನ್ನು ಅವನು ತಾನೇ ರಚಿಸಿಕೊಳ್ಳಬಹುದು. ಸೂತ್ರಕಾರನ ಪೀಠವು ಇಲ್ಲಿ ಎಲ್ಲರಿಗೂ ತೆರೆದಿದೆ.

ಈ ಉಪಾಯವು ತನ್ನ ಪೂರ್ಣವೈಭವವನ್ನು ಮೆರೆದುದು ಡೇವಿಡ್ ಹೈನ್‌ಮೇಯರ್ ಹಾನ್ಸನ್ 2004ರಲ್ಲಿ ಬಿಡುಗಡೆ ಮಾಡಿದ, ಜಾಲತಾಣಗಳನ್ನು ಕಟ್ಟಲು ರೂಬಿಯಲ್ಲಿಯೇ ಬರೆದ ರೇಲ್ಸ್ ಎಂಬ ಚೌಕಟ್ಟಿನಲ್ಲಿ. ಅದರ 'ಆಕ್ಟಿವ್ ರೆಕಾರ್ಡ್' ಎಂಬ ಭಾಗವು ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು, ತೆರೆದು ನೋಡಿ, ಪುಸ್ತಕಗಳ ಕೋಷ್ಟಕದಲ್ಲಿ ಯಾವ ಯಾವ ಕಂಬಸಾಲುಗಳಿವೆಯೆಂಬುದನ್ನು ಓದಿಕೊಂಡು, ಒಂದೊಂದಕ್ಕೂ ಮೆಥಡ್ಡುಗಳನ್ನು ತಾನೇ ಹುಟ್ಟಿಸುತ್ತದೆ. ಇಲ್ಲಿ ಗುಣಗಳ ಹೆಸರನ್ನೂ ಪ್ರೋಗ್ರಾಮಿನಲ್ಲಿ ಬರೆಯಬೇಕಾಗಿಲ್ಲ. ಅದೂ ಎರಡೇ ಮೆಥಡ್ಡುಗಳಲ್ಲ. 'ಬೆಲೆ' ಎಂಬ ಒಂದು ಪ್ರಕೃತಿಯಿಂದ, ಬೆಲೆ ಎಷ್ಟು, ಬೆಲೆ ಇದೆಯೆ, ಬೆಲೆ ಬದಲಾಗಿದೆಯೆ, ಬದಲಾಗುವ ಮುನ್ನ ಎಷ್ಟಿತ್ತು, ಸಂಖ್ಯೆಯಾಗಿ ಪರಿವರ್ತಿಸುವ ಮೊದಲು ಅದು ಯಾವ ರೂಪದಲ್ಲಿ ಬಂದಿತು, ಹಳೆಯ ಬೆಲೆಯನ್ನೇ ಮತ್ತೆ ಇರಿಸು ಎಂಬಿಷ್ಟು ಅರ್ಥಗಳನ್ನು ಹೇಳುವ ಮೆಥಡ್ಡುಗಳು ಸಾಲುಸಾಲಾಗಿ ಹೊರಡುತ್ತವೆ. ಸ್ವಾರಸ್ಯವೇನೆಂದರೆ, ರೇಲ್ಸನ್ನು ರಚಿಸಿದವರೇ ಈ ವ್ಯವಸ್ಥೆಗೆ ವ್ಯಾಕರಣದ ಪರಿಭಾಷೆಯನ್ನು ಇಟ್ಟಿದ್ದಾರೆ: ಹೆಸರಿನ ಹಿಂದೆ ಸೇರುವುದಕ್ಕೆ 'ಪ್ರಿಫಿಕ್ಸ್', ಮುಂದೆ ಸೇರುವುದಕ್ಕೆ 'ಸಫಿಕ್ಸ್', ಎರಡೂ ಕಡೆ ಸೇರುವುದಕ್ಕೆ 'ಅಫಿಕ್ಸ್'. ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಪಸರ್ಗ ಮತ್ತು ಪ್ರತ್ಯಯಗಳು. ಕನ್ನಡದಲ್ಲಿ ವಿಭಕ್ತಿಗಳು ಏಳಾದರೆ ಇಲ್ಲಿ ಅವುಗಳ ಸಂಖ್ಯೆ ಹತ್ತನ್ನು ಮೀರುತ್ತದೆ.

ವ್ಯಾಕರಣದೊಡನೆ ಇದರ ಸಾಮ್ಯವು ಇಷ್ಟಕ್ಕೇ ನಿಲ್ಲದು. ಸಾಮಾನ್ಯ ನಿಯಮಕ್ಕೆ ಉತ್ಸರ್ಗವೆಂದೂ ವಿಶೇಷ ನಿಯಮಕ್ಕೆ ಅಪವಾದವೆಂದೂ ಹೆಸರಿಟ್ಟು, ಅಪವಾದವಿದ್ದೆಡೆಯಲ್ಲಿ ಉತ್ಸರ್ಗವು ಹಿಂದೆ ಸರಿಯತಕ್ಕದ್ದೆಂದು ನಮ್ಮ ಶಾಸ್ತ್ರಕಾರರು ವಿಧಿಸಿರುವರಷ್ಟೆ. ಆಕ್ಟಿವ್ ರೆಕಾರ್ಡ್ ತಾನು ಹುಟ್ಟಿಸಿದ ಮೆಥಡ್ಡುಗಳನ್ನು ಕ್ಲಾಸಿನಲ್ಲಿ ನೇರವಾಗಿ ತುರುಕದೆ, ಅದರ ಬೆನ್ನಿಗೆ ನಿಲ್ಲುವ ಪ್ರತ್ಯೇಕವಾದೊಂದು 'ಮಾಡ್ಯೂಲಿ'ನಲ್ಲಿ ಇರಿಸುತ್ತದೆ. ಪ್ರೋಗ್ರಾಮರನು 'ಬೆಲೆ'ಯೆಂಬ ಮೆಥಡ್ಡನ್ನು ತನ್ನ ಕೈಯಿಂದಲೇ ಬರೆದರೆ ಮೊದಲು ಅದಕ್ಕೇ ಮನ್ನಣೆ. ಅದು 'ಸೂಪರ್' ಎಂದು ಕರೆದಾಗ ಮಾತ್ರ ಹಿಂದಿನ ಉತ್ಸರ್ಗವು ಮುಂದೆ ಬಂದು ತನ್ನ ಕೆಲಸವನ್ನು ಮಾಡುತ್ತದೆ. ಸೂತ್ರದ ಅನುಕೂಲವೂ ಉಳಿಯಿತು, ಮನುಷ್ಯನ ಸ್ವಾತಂತ್ರ್ಯವೂ ಉಳಿಯಿತು.

ಇನ್ನು ಮತ್ತೊಂದು ದಾರಿಯುಂಟು. ಅದು ಹೆಚ್ಚು ಪುರಾತನವಾದುದು, ಹೆಚ್ಚು ಮೋಹಕವಾದುದು, ಹೆಚ್ಚು ಅಪಾಯಕರವಾದುದೂ ಹೌದು. ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಆಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು 1970ರ ದಶಕದಲ್ಲಿ ಬೆಳೆಸಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಮೆಥಡ್ಡನ್ನು ಕರೆಯುವುದೆಂದರೆ ಆಬ್ಜೆಕ್ಟಿಗೆ ಸಂದೇಶವೊಂದನ್ನು ಕಳುಹಿಸುವುದೆಂದೇ ಅರ್ಥ. ಸಂದೇಶವು ತನಗೆ ತಿಳಿಯದಿದ್ದರೆ ಆಬ್ಜೆಕ್ಟು ಒಡನೆಯೇ ಬಾಗಿಲು ಮುಚ್ಚುವುದಿಲ್ಲ. 'ಡಸ್ ನಾಟ್ ಅಂಡರ್‌ಸ್ಟ್ಯಾಂಡ್' ಎಂಬ ಮೆಥಡ್ಡಿನ ಕೈಗೆ ಆ ಸಂದೇಶವನ್ನೇ ಒಪ್ಪಿಸುತ್ತದೆ. ಆ ಮೆಥಡ್ಡು ಬೇಕಾದರೆ ಅಪರಿಚಿತವಾದ ಕರೆಯನ್ನು ಬಿಡಿಸಿ ಓದಿ, ಅರ್ಥವನ್ನು ಊಹಿಸಿ, ತಕ್ಕ ಉತ್ತರವನ್ನು ಕೊಡಬಹುದು. ರೂಬಿಯಲ್ಲಿ ಇದಕ್ಕೆ 'ಮೆಥಡ್ ಮಿಸ್ಸಿಂಗ್' ಎಂದು ಹೆಸರು. ಪರ್ಲ್ ಭಾಷೆಯಲ್ಲಿ 'ಆಟೊಲೋಡ್', ಪೈಥಾನಿನಲ್ಲಿ 'ಗೆಟ್ ಅಟ್ರ್' ಇದರ ಬಂಧುಗಳು. ರೇಲ್ಸಿನ ಆರಂಭದ ವರ್ಷಗಳಲ್ಲಿ ನೋಡಿದವರು ಬೆರಗಾಗುತ್ತಿದ್ದುದು ಇದರಿಂದಲೇ: 'ಕರ್ತೃವಿನಿಂದ ಮತ್ತು ಶೀರ್ಷಿಕೆಯಿಂದ ಹುಡುಕು' ಎಂಬರ್ಥದ, ಎಲ್ಲಿಯೂ ಯಾರೂ ಬರೆದಿರದ ಮೆಥಡ್ಡನ್ನು ಕರೆದರೆ, ಯಂತ್ರವು ಆ ಹೆಸರನ್ನೇ ಸೀಳಿ ನೋಡಿ, ಎರಡು ಗುಣಗಳನ್ನು ಅದರೊಳಗಿಂದ ಹೆಕ್ಕಿ, ಪುಸ್ತಕವನ್ನು ಹುಡುಕಿ ತಂದು ಕೈಯಲ್ಲಿಡುತ್ತಿತ್ತು.

ಈ ಔದಾರ್ಯಕ್ಕೆ ತೆರಬೇಕಾದ ಬೆಲೆ ಅಲ್ಪವಲ್ಲ. ಕರೆಯು ಮೊದಲು ಕ್ಲಾಸಿನಲ್ಲಿ, ಬಳಿಕ ಅದರ ಪೂರ್ವಜರಲ್ಲಿ ಒಬ್ಬೊಬ್ಬರನ್ನೂ ವಿಚಾರಿಸಿ, ಎಲ್ಲಿಯೂ ಸಿಗದೆ ಕೊನೆಗೆ ಇಲ್ಲಿಗೆ ಬಂದು ತಲುಪುವುದರಿಂದ ವೇಳೆ ಹಿಡಿಯುತ್ತದೆ. ಎಲ್ಲವನ್ನೂ ಒಪ್ಪಿಕೊಳ್ಳುವ ಆಬ್ಜೆಕ್ಟಿಗೆ ತಪ್ಪು ಯಾವುದೆಂದು ತಿಳಿಯುವುದಿಲ್ಲ. ರೂಬಿಯ 'ಓಪನ್ ಸ್ಟ್ರಕ್ಟ್' ಎಂಬ ಆಬ್ಜೆಕ್ಟಿನಲ್ಲಿ ಗುಣದ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದು ಕೇಳಿದರೂ ಅದು ದೋಷವನ್ನು ತೋರಿಸದೆ, ಶೂನ್ಯವನ್ನು ಸೂಚಿಸುವ 'ನಿಲ್' ಎಂಬ ಉತ್ತರವನ್ನು ಸೌಜನ್ಯದಿಂದ ಕೊಟ್ಟು ಸುಮ್ಮನಾಗುತ್ತದೆ. ಮೆಥಡ್ ಮಿಸ್ಸಿಂಗಿನ ಒಳಗೇ ತಿಳಿಯದ ಹೆಸರೊಂದು ನುಸುಳಿದರಂತೂ ಅದು ತನ್ನನ್ನು ತಾನೇ ಕರೆದುಕೊಳ್ಳುತ್ತ, ಸ್ಮೃತಿಯ ಅಟ್ಟಣೆಯೆಲ್ಲ ತುಂಬಿ ಕುಸಿಯುವವರೆಗೂ ನಿಲ್ಲದು. ಇವೆಲ್ಲಕ್ಕಿಂತಲೂ ಸೂಕ್ಷ್ಮವಾದ ದೋಷವು ಸತ್ಯಕ್ಕೆ ಸಂಬಂಧಿಸಿದುದು. 'ಈ ಕರೆಗೆ ನೀನು ಓಗೊಡಬಲ್ಲೆಯಾ?' ಎಂದು ಕೇಳಿದರೆ ಇಂತಹ ಆಬ್ಜೆಕ್ಟು 'ಇಲ್ಲ' ಎನ್ನುತ್ತದೆ, ಕರೆದರೆ ಓಗೊಡುತ್ತದೆ. ನುಡಿಗೂ ನಡೆಗೂ ಹೊಂದಿಕೆಯಿಲ್ಲದ ಈ ಸ್ಥಿತಿಯನ್ನು ತಿದ್ದುವುದಕ್ಕಾಗಿಯೇ ರೂಬಿಯ 1.9.2 ಆವೃತ್ತಿಯಲ್ಲಿ 'ರೆಸ್ಪಾಂಡ್ ಟು ಮಿಸ್ಸಿಂಗ್' ಎಂಬ ಜೊತೆಗಾರ ಮೆಥಡ್ಡನ್ನು ಏರ್ಪಡಿಸಬೇಕಾಯಿತು.

ಅನುಭವವು ಮಾಗಿದಂತೆಲ್ಲ ಪ್ರೋಗ್ರಾಮರರು ಊಹೆಯ ದಾರಿಯಿಂದ ವಿಧಿಯ ದಾರಿಗೆ ಸರಿದುದನ್ನು ಇಲ್ಲಿ ಕಾಣುತ್ತೇವೆ. ರೇಲ್ಸ್ ಮೊದಲು ಅರಿಯದ ಕರೆ ಬಂದೊಡನೆ ಆ ಕ್ಲಾಸಿನ ಗುಣಗಳಿಗೆಲ್ಲ ಒಮ್ಮೆಗೇ ನಿಜವಾದ ಮೆಥಡ್ಡುಗಳನ್ನು ಹುಟ್ಟಿಸಿ, ಎರಡನೆಯ ಸಲ ಊಹೆಗೇ ಎಡೆಯಿಲ್ಲದಂತೆ ಮಾಡಿಕೊಂಡಿತು. ಅನಂತರ ಮೊದಲ ಆಬ್ಜೆಕ್ಟು ಹುಟ್ಟುವ ಗಳಿಗೆಯಲ್ಲಿಯೇ ಆ ಕೆಲಸವನ್ನು ಮುಗಿಸಿಡತೊಡಗಿತು. ಹೆಸರನ್ನು ಸೀಳಿ ಹುಡುಕುವ ಮೆಥಡ್ಡುಗಳಲ್ಲಿ ಒಂದು ಬಗೆಯನ್ನುಳಿದು ಮಿಕ್ಕವನ್ನು 2013ರ ನಾಲ್ಕನೆಯ ಆವೃತ್ತಿಯಲ್ಲಿ ಕೈಬಿಡಲು ತೊಡಗಿತು. ಪೈಥಾನ್ 2018ರ 3.7 ಆವೃತ್ತಿಯಲ್ಲಿ 'ಡೇಟಾಕ್ಲಾಸ್' ಎಂಬುದನ್ನೂ, ಜಾವಾ 2021ರ 16ನೆಯ ಆವೃತ್ತಿಯಲ್ಲಿ 'ರೆಕಾರ್ಡ್' ಎಂಬುದನ್ನೂ ಸ್ಥಿರವಾಗಿ ನೆಲೆಗೊಳಿಸಿದುವು. ಎರಡರಲ್ಲಿಯೂ ಗುಣಗಳ ಹೆಸರನ್ನು ಮನುಷ್ಯನು ಮೊದಲೇ ಸಾರಿ ಹೇಳುತ್ತಾನೆ, ಮೆಥಡ್ಡುಗಳನ್ನು ಯಂತ್ರವು ಆಮೇಲೆ ರಚಿಸುತ್ತದೆ.

ಹಾಗೆಂದು ವಿಧಿಯ ದಾರಿಯು ನಿಷ್ಕಂಟಕವೆಂದು ತಿಳಿಯಲಾಗದು. 'ಬೆಲೆ ಬದಲಾಗಿದೆಯೆ' ಎಂಬ ಮೆಥಡ್ಡು ಎಲ್ಲಿದೆಯೆಂದು ಹೊಸಬನೊಬ್ಬನು ಪ್ರೋಗ್ರಾಮಿನ ಸಾವಿರಾರು ಸಾಲುಗಳಲ್ಲಿ ಹುಡುಕಿದರೆ ಅವನಿಗೆ ಏನೂ ದೊರೆಯುವುದಿಲ್ಲ. 'ಮರದಿಂದ' ಎಂಬುದನ್ನು ನಿಘಂಟಿನಲ್ಲಿ ಹುಡುಕಿದವನ ಪಾಡೇ ಅವನದೂ. ಕೋಷ್ಟಕದಲ್ಲಿ ಯಾರಾದರೂ 'ಸೇವ್' ಎಂಬ ಹೆಸರಿನ ಕಂಬಸಾಲನ್ನು ಕೂಡಿಸಿದರೆ, ಆಬ್ಜೆಕ್ಟನ್ನು ಉಳಿಸಿಡುವ ಮೂಲ ಮೆಥಡ್ಡಿಗೂ ಅದಕ್ಕೂ ಘರ್ಷಣೆಯಾಗುವುದರಿಂದ, 'ಅಪಾಯಕರ ಗುಣ' ಎಂಬರ್ಥದ ದೋಷವನ್ನು ಘೋಷಿಸಿ ರೇಲ್ಸ್ ಅಲ್ಲಿಯೇ ನಿಂತುಬಿಡುತ್ತದೆ. ಇದಕ್ಕೂ ಮಿಗಿಲಾದ ಪಾಠವು 2012ರ ಮಾರ್ಚ್ ತಿಂಗಳಿನಲ್ಲಿ, ಪ್ರೋಗ್ರಾಮುಗಳ ಮೂಲವನ್ನು ಕಾಪಿಡುವ, ರೇಲ್ಸಿನಲ್ಲಿಯೇ ಕಟ್ಟಿದ್ದ ಗಿಟ್‌ಹಬ್ ತಾಣದಲ್ಲಿ ದೊರೆಯಿತು. ರೇಲ್ಸಿನಲ್ಲಿ ಪ್ರತಿಯೊಂದು ಗುಣಕ್ಕೂ ಬರೆಯುವ ಮೆಥಡ್ಡು ತಾನಾಗಿಯೇ ಹುಟ್ಟುವುದರಿಂದಲೂ, ಬಳಕೆದಾರನು ತುಂಬಿ ಕಳುಹಿಸಿದ ನಮೂನೆಯಲ್ಲಿ ಯಾವ ಯಾವ ಹೆಸರುಗಳಿವೆಯೋ ಅವಕ್ಕೆಲ್ಲ ಆಯಾ ಮೆಥಡ್ಡನ್ನು ಒಟ್ಟಿಗೆ ಕರೆಯುವ ರೂಢಿಯಿದ್ದುದರಿಂದಲೂ, ಒಬ್ಬ ಬಳಕೆದಾರನು ತನ್ನ ಪ್ರವೇಶದ ಕೀಲಿಯನ್ನು ಸಲ್ಲಿಸುವ ನಮೂನೆಯಲ್ಲಿ ಆ ಕೀಲಿಯ ಒಡೆಯನೆಂದು ಬೇರೊಬ್ಬನ ಸಂಖ್ಯೆಯನ್ನೂ ಸೇರಿಸಿ ಕಳುಹಿಸಿ, ರೇಲ್ಸಿನ ಮೂಲಗ್ರಂಥವಿದ್ದ ಭಂಡಾರದಲ್ಲಿಯೇ ಬರೆಯುವ ಅಧಿಕಾರವನ್ನು ಪಡೆದು ತೋರಿಸಿದನು. ಆ ಬಾಗಿಲನ್ನು ಯಾರೂ ಉದ್ದೇಶಪೂರ್ವಕವಾಗಿ ತೆರೆದಿರಲಿಲ್ಲ. ಸೂತ್ರವು ಎಲ್ಲ ಗೋಡೆಗಳಿಗೂ ಬಾಗಿಲಿಡುವಾಗ ಅಲ್ಲಿಗೂ ಒಂದನ್ನಿಟ್ಟಿತ್ತು. ಮರುವರ್ಷದ ಆವೃತ್ತಿಯಲ್ಲಿ, ಹೊರಗಿನಿಂದ ಬರೆಯಿಸಿಕೊಳ್ಳಬಹುದಾದ ಗುಣಗಳು ಇಂತಿಷ್ಟೇ ಎಂದು ಪ್ರೋಗ್ರಾಮರನು ಹೆಸರಿಸಿ ಹೇಳತಕ್ಕದ್ದೆಂಬ ನಿಯಮವು ಬಂದಿತು. ಪಟ್ಟಿಯನ್ನು ಓಡಿಸಿದ ಸೂತ್ರಕ್ಕೆ ಕೊನೆಗೆ ಪಟ್ಟಿಯೇ ಕಾವಲುಗಾರನಾಗಿ ಬರಬೇಕಾಯಿತು.

ಇಷ್ಟನ್ನು ನೋಡಿದಮೇಲೆ, ಬರೆಯುವ ಶ್ರಮವೆಲ್ಲ ಯಂತ್ರಕ್ಕೆ ಸಂದ ಬಳಿಕ ಮನುಷ್ಯನ ಪಾಲಿಗೆ ಉಳಿದುದೇನು ಎಂದು ಕೇಳಬಹುದು. ಉಳಿದುದು ಹೆಸರಿಡುವ ಕೆಲಸ. ಮೆಥಡ್ಡುಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಗುಣಕ್ಕೆ ಮಂಕಾದ ಹೆಸರಿಟ್ಟರೂ ಮೆಥಡ್ಡಿಗೆ ಅರ್ಥವತ್ತಾದ ಹೆಸರನ್ನು ಕೊಟ್ಟು ಸರಿತೂಗಿಸಲು ಎಡೆಯಿತ್ತು, ಈಗ ಹಾಗಲ್ಲ. ಕೋಷ್ಟಕವನ್ನು ರಚಿಸುವವನು ಅವಸರದಲ್ಲಿ 'ಬೆಲೆ' ಎಂಬುದನ್ನು 'ಬಲೆ' ಎಂದು ಬರೆದುಬಿಟ್ಟರೆ, ಬಲೆ ಎಷ್ಟು, ಬಲೆ ಬದಲಾಗಿದೆಯೆ, ಬಲೆ ಹಿಂದೆ ಎಷ್ಟಿತ್ತು ಎಂದು ಹತ್ತಕ್ಕೂ ಹೆಚ್ಚು ಮೆಥಡ್ಡುಗಳು ಒಂದಿಷ್ಟೂ ಅಳುಕದೆ, ವ್ಯಾಕರಣಶುದ್ಧವಾಗಿ ಹುಟ್ಟಿ ನಿಲ್ಲುತ್ತವೆ. ಪ್ರೋಗ್ರಾಮು ನಿರ್ವಿಘ್ನವಾಗಿ ನಡೆಯುತ್ತದೆ. ಮುಂದೆ ಅದನ್ನು ಓದಬೇಕಾದವರು ಆ ಬಲೆಯಲ್ಲಿ ಸಿಕ್ಕಿಬೀಳುತ್ತಾರೆ. ಪ್ರತ್ಯಯಗಳನ್ನು ಹಚ್ಚುವುದು ಸೂತ್ರದ ಹೊಣೆ, ಅದನ್ನು ಅದು ತಪ್ಪದೆ ಮಾಡುತ್ತದೆ. ಪ್ರಕೃತಿಯನ್ನು ಆಯುವುದು ಮಾತ್ರ ಇನ್ನೂ ನಮ್ಮದೇ.