ಕಮಲಾಪುರದ ಬಾಳೆಯೂ ಕಡಲ ಸಂಸಾರಗಳೂ

ಮನೆಮಾರುಗಳನ್ನು ತೊರೆದು, ಮಡದಿ ಮಕ್ಕಳೊಡನೆ ಹಾಯಿದೋಣಿಯನ್ನೇರಿ, ಉಷ್ಣವಲಯದ ದ್ವೀಪದಿಂದ ದ್ವೀಪಕ್ಕೆ ಸಂಚರಿಸುತ್ತ ಕಾಲ ಕಳೆಯುವ ಕುಟುಂಬಗಳ ವೃತ್ತಾಂತವನ್ನು ಕೇಳಿದಾಗ, ತೊಗರಿಯ ಹೊಲ, ಎರೆಮಣ್ಣು, ವೈಶಾಖದ ಉರಿಬಿಸಿಲುಗಳ ನಡುವೆ ಬಾಳುವ ಕಲಬುರಗಿಯವರಿಗೆ ಅದು ಅನ್ಯಲೋಕದ ಸಂಗತಿಯೆಂದು ತೋರುವುದು ಸಹಜವೇ. ಆದರೆ ಹುಮನಾಬಾದಿನ ಹಾದಿ ಹಿಡಿದು ಕಮಲಾಪುರವನ್ನು ಮುಟ್ಟಿದ ಪಯಣಿಗನು, ಅಲ್ಲಿಯ ಕೆಂಪು ಬಾಳೆಯನ್ನು ಕಂಡು ಚೌಕಾಸಿ ಮಾಡಿ ಒಂದು ಡಜನ್ ಕೊಂಡನಾದರೆ (ಸಿರಿವಂತರ ಹಣ್ಣೆಂದು ಹೆಸರಾದುದರಿಂದ ಚೌಕಾಸಿಯಿಂದ ಹೆಚ್ಚಿನ ಲಾಭವಾಗದು), ಅವನ ಕೈಯಲ್ಲಿರುವುದು ಅಂತಹ ನೌಕಾಸಂಸಾರಗಳು ಲೋಕಕ್ಕೆ ಬಿಟ್ಟುಹೋದ ಆಸ್ತಿಯೇ.

ನಾವು ತಿನ್ನುವ ಬಾಳೆಗೆ ಮೊಳೆಯುವ ಬೀಜವಿಲ್ಲ. ಅತ್ತಿ ಆಲಗಳ ಬೀಜವನ್ನು ಹಕ್ಕಿ ಹೊತ್ತೀತು, ತೆಂಗಿನಕಾಯಿಯನ್ನು ಅಲೆಯೇ ತೇಲಿಸೀತು. ಬಾಳೆಯಾದರೋ, ತಾಯಿಗಿಡದ ಬುಡದಿಂದ ಕಂದನ್ನು ಕಿತ್ತು, ಬಾಡದಂತೆ ಕಾಪಾಡಿ, ಹೊಸ ನೆಲದಲ್ಲಿ ಊರುವ ಮನುಷ್ಯನಿಲ್ಲದೆ ಒಂದು ಕಾಲುವೆಯನ್ನು ಕೂಡ ದಾಟಲಾರದು. ನ್ಯೂಗಿನಿಯ ಕುಕ್ ಎಂಬ ಜೌಗುನೆಲದಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಬಾಳೆಯ ಕೃಷಿ ನಡೆದಿದ್ದಿತೆಂಬುದಕ್ಕೆ ಪುರಾತತ್ತ್ವಜ್ಞರು ಸಾಕ್ಷ್ಯವನ್ನು ಕಂಡಿರುವರು. ಬೇರೆ ಬೇರೆ ದ್ವೀಪಗಳ ಬಾಳೆಗಳು ಜನರೊಡನೆ ಪ್ರಯಾಣ ಮಾಡಿ, ಒಂದೆಡೆ ಕೂಡಿ, ಬೆರೆತು, ವರ್ಣತಂತುಗಳ ಮೂರು ಗಣಗಳುಳ್ಳ ಬೀಜರಹಿತ ತಳಿಗಳು ಹುಟ್ಟಿದುವು. ಕೆಂಬಾಳೆ ಆ ವರ್ಗಕ್ಕೆ ಸೇರಿದುದು.

ಹಾಗೆ ಹೊತ್ತೊಯ್ದವರಲ್ಲಿ ಅಗ್ರಗಣ್ಯರು ಆಸ್ಟ್ರೊನೇಷ್ಯನ್ ಭಾಷೆಗಳನ್ನಾಡುತ್ತಿದ್ದ ಜನ. ತೈವಾನಿನ ಕಡೆಯಿಂದ ಹೊರಟು, ಪಕ್ಕಕ್ಕೆ ಮರದ ದಿಮ್ಮಿಯನ್ನು ಕಟ್ಟಿ ಸಮತೋಲಗೊಳಿಸಿದ ಹಾಯಿದೋಣಿಗಳಲ್ಲಿ, ಹೆಂಗಸರು, ಮಕ್ಕಳು, ಹಂದಿ, ಕೋಳಿ, ಕೆಸುವಿನ ಗೆಡ್ಡೆ, ಬಾಳೆಯ ಕಂದುಗಳ ಸಮೇತರಾಗಿ, ಶತಮಾನಗಳ ಅವಧಿಯಲ್ಲಿ ಅವರು ಪೂರ್ವದಲ್ಲಿ ಹವಾಯಿಯನ್ನೂ ಪಶ್ಚಿಮದಲ್ಲಿ ನಮ್ಮ ಹಿಂದೂ ಮಹಾಸಾಗರವನ್ನೇ ದಾಟಿ ಮಡಗಾಸ್ಕರವನ್ನೂ ಸೇರಿದರು. ದಿಕ್ಸೂಚಿಯಿಲ್ಲದೆ ಇದು ಸಾಧ್ಯವೇ ಎಂದು ಶಂಕಿಸಿದ ಪಂಡಿತರಿಗೆ 1976ರಲ್ಲಿ ಉತ್ತರ ದೊರೆಯಿತು: ಸತವಾಲ್ ದ್ವೀಪದ ಮಾವು ಪಿಯೈಲುಗ್ ಎಂಬ ನಾವಿಕನು ನಕ್ಷತ್ರಗಳನ್ನೂ ಅಲೆಗಳ ಗತಿಯನ್ನೂ ನೋಡಿಕೊಂಡೇ ಹೊಕುಲೆಯಾ ಎಂಬ ಜೋಡುದೋಣಿಯನ್ನು ಹವಾಯಿಯಿಂದ ತಹೀತಿಗೆ ಮುಟ್ಟಿಸಿದನು. ಇಂದು ವಿಹಾರಕ್ಕಾಗಿ ಕಡಲಿಗಿಳಿಯುವ ಕುಟುಂಬಕ್ಕೆ ಉಪಗ್ರಹವೇ ದಾರಿ ಹೇಳುತ್ತದೆ, ಯಂತ್ರ ಉಪ್ಪುನೀರನ್ನು ಸಿಹಿಯಾಗಿಸುತ್ತದೆ. ಅವರ ಧೈರ್ಯವನ್ನು ನಾನು ಹಳಿಯಲಾರೆ, ಆದರೆ ಕುಡಿಯುವ ನೀರನ್ನು ಅಳೆದು ಬಳಸುತ್ತ, ಉಪ್ಪುಗಾಳಿಯಿಂದ ಕೂಸನ್ನೂ ಕಂದನ್ನೂ ಒಟ್ಟಿಗೆ ಕಾಯಬೇಕಾಗಿದ್ದ ಆ ಪುರಾತನ ಗೃಹಿಣಿಯ ಮುಂದೆ ಅದು ಚಿಕ್ಕದು.

ಆ ಬಾಳು ಪೂರ್ತಿ ಅಳಿದಿಲ್ಲ. ಬರ್ಮಾ ಮತ್ತು ಥೈಲೆಂಡುಗಳ ತೀರದ ಮೊಕೆನ್ ಜನರು ಕೇದಗೆಯ ಜಾತಿಯ ಎಲೆಗಳಿಂದ ಹಾಯಿ ನೇಯ್ದು, ಕಬಾಂಗ್ ಎಂಬ ದೋಣಿಯಲ್ಲಿಯೇ ಒಲೆ ಹೂಡಿ, ಮಳೆಗಾಲದಲ್ಲಿ ಮಾತ್ರ ದಡದ ಗುಡಿಸಲಿಗೆ ಬರುತ್ತಿದ್ದವರು. 2004ರ ಸುನಾಮಿಯ ದಿನ, ಕಡಲು ಹಿಂಜರಿದುದನ್ನು ಕಂಡು ಹಿರಿಯರ ಮಾತನ್ನು ನೆನೆದು ಸುರಿನ್ ದ್ವೀಪದ ಮೊಕೆನರು ದಿಬ್ಬವೇರಿ ಬದುಕಿಕೊಂಡರು.

ಕಲಬುರಗಿಗೂ ಕಡಲಿನ ನಂಟು ಇಲ್ಲದಿರಲಿಲ್ಲ. ಈ ನಗರದಿಂದ ಆಳಿದ ಫಿರೋಜ್ ಶಾ ಬಹಮನಿ (1397–1422) ಗೋವಾ ಮತ್ತು ಚೌಲ್ ರೇವುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ, ಅಪೂರ್ವ ವಸ್ತುಗಳನ್ನೂ ವಿದ್ವಾಂಸರನ್ನೂ ಕರೆಯಿಸಿಕೊಳ್ಳುತ್ತಿದ್ದನೆಂದು ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಶ್ತಾ ಹೇಳಿರುವನು. ಬಾಳೆ ಮಾತ್ರ ಸುಲ್ತಾನನ ಆಜ್ಞೆಗೆ ಕಾದಿರಲಿಲ್ಲ. ಅದಕ್ಕೂ ಬಹುಪೂರ್ವದಲ್ಲಿಯೇ ನಮ್ಮ ದೇಶದ ಹಿತ್ತಿಲುಗಳಲ್ಲಿ ಬೇರೂರಿದ್ದಿತು.

ಕಮಲಾಪುರದ ಗುಡ್ಡದ ಇಳಿಜಾರಿನ ಕಣಿವೆಗಳಲ್ಲಿ ಬೆಳೆವ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ಬಿದ್ದರೇನು? ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ, ಕೆಂಬಾಳೆ ಸುಮಾರು 18 ತಿಂಗಳು ನೀರನ್ನೂ ಗೊಬ್ಬರವನ್ನೂ ಆಳನ್ನೂ ಬೇಡುತ್ತ ನಿಲ್ಲುವುದು. ಆದಕಾರಣ ತೋಟಗಳ ವಿಸ್ತಾರ ಕುಗ್ಗುತ್ತ ಬಂದಿದೆ. ಬಿಡದೆ ಬೆಳೆಯುವವರು ಮುಂದಿನ ನಾಟಿಗಾಗಿ ಹಳೆಯ ತೋಟದ ಬುಡದಲ್ಲಿ ಗಟ್ಟಿಯಾದ ಕಂದುಗಳನ್ನು ಆರಿಸಿ ಕೀಳುತ್ತಾರೆ.